ಲೀಸಾ ಕುಕ್ ಪ್ರಕರಣ: ಅಮೆರಿಕದ ಕಪ್ಪು ಮಹಿಳೆಯರ ಕುರ್ಚಿಗಳು ಏಕೆ ಅಲುಗಾಡುತ್ತಿವೆ?

2025ರ ಆಗಸ್ಟ್ 25ರ ರಾತ್ರಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮ ಸೋಷಿಯಲ್ ಮೀಡಿಯಾ ಖಾತೆಯಲ್ಲಿ ಒಂದು ಪತ್ರ ಹಾಕಿದರು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಗವರ್ನರ್ ಲೀಸಾ ಕುಕ್ ಅವರನ್ನು ವಜಾ ಮಾಡಿದ್ದೇನೆ ಎಂಬುದು ಅದರ ಸಾರ. ಕುಕ್ ಕುರ್ಚಿ ಬಿಡಲಿಲ್ಲ, ಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಕೆಳ ಕೋರ್ಟು ವಜಾಕ್ಕೆ ತಡೆ ಕೊಟ್ಟಿತು. ಮೇಲ್ಮನವಿ ಕೋರ್ಟು ಆ ತಡೆಯನ್ನು ಎರಡು–ಒಂದರ ಬಹುಮತದಿಂದ ಉಳಿಸಿತು. ಸುಪ್ರೀಂ ಕೋರ್ಟ್ ಅವರನ್ನು ತಕ್ಷಣ ಹೊರಗೆ ಕಳಿಸಲು ಒಪ್ಪಲಿಲ್ಲ. 2026ರ ಜನವರಿ 21ರಂದು ಎರಡೂ ಕಡೆಯ ವಾದ ಕೇಳಿತು.

ಈ ಸುದ್ದಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಕೆಲವರಿಗೆ ಇದು ಬಡ್ಡಿ ದರದ ಜಗಳ. ಕೆಲವರಿಗೆ ಮನೆ ಸಾಲದಲ್ಲಿ ನಡೆದ ಮೋಸ. ಇನ್ನು ಕೆಲವರಿಗೆ ಇದು ಅಧಿಕಾರದಲ್ಲಿರುವ ಕಪ್ಪು ಮಹಿಳೆಯರ ಮೇಲಿನ ದಾಳಿಯ ಮುಂದುವರಿದ ಭಾಗ. ಮೂರನ್ನೂ ಓದಿದ ಮೇಲೆ ಗೊಂದಲವಾಗುವುದು ಸಹಜ. ಇದೆಲ್ಲ ಹೇಗೆ ಹೆಣೆದುಕೊಂಡಿದೆ ಅನ್ನುವುದನ್ನು ಬಿಡಿಸಿ ನೋಡೋಣ.

ಒಂದು ಕುರ್ಚಿಗೆ ಇಷ್ಟು ಬೆಲೆ ಏಕೆ?

ನಮ್ಮ ರಿಸರ್ವ್ ಬ್ಯಾಂಕಿಗೆ ಒಬ್ಬರೇ ಗವರ್ನರ್. ಅಮೆರಿಕದ ಫೆಡ್‌ನಲ್ಲಿ, ಅಂದರೆ ಫೆಡರಲ್ ರಿಸರ್ವ್‌ನಲ್ಲಿ, ಏಳು ಗವರ್ನರ್‌ಗಳ ಮಂಡಳಿ ಇದೆ. ಒಬ್ಬೊಬ್ಬರ ಪೂರ್ಣ ಅವಧಿ 14 ವರ್ಷ. ಇಷ್ಟು ಉದ್ದದ ಅವಧಿಯನ್ನು ಸುಮ್ನೆ ಇಟ್ಟದ್ದಲ್ಲ. ಚುನಾವಣೆ ಹತ್ತಿರ ಬಂದಾಗ ಬಡ್ಡಿ ಇಳಿಸಿ, ಜನರ ಕೈಯಲ್ಲಿ ದುಡ್ಡು ಓಡಾಡುವಂತೆ ಮಾಡುವ ಆಸೆ ಯಾವ ಸರ್ಕಾರಕ್ಕೂ ಇರುತ್ತದೆ. ಅದರಿಂದಾಗುವ ಬೆಲೆ ಏರಿಕೆಯ ಬಿಸಿ ತಟ್ಟುವುದು ಆಮೇಲೆ. ಹಾಗಾಗಿ ಬಡ್ಡಿ ನಿರ್ಧರಿಸುವವರನ್ನು ಅಧ್ಯಕ್ಷರ ಸಿಟ್ಟಿನಿಂದ ದೂರ ಇಡಬೇಕು ಎಂಬುದು ಈ ವ್ಯವಸ್ಥೆಯ ಹಿಂದಿನ ಯೋಚನೆ. ಟರ್ಕಿಯಲ್ಲಿ ಏನಾಯಿತು ಎಂಬುದು ಎಲ್ಲರ ಕಣ್ಣ ಮುಂದೆಯೇ ಇದೆ. ಅಲ್ಲಿನ ಅಧ್ಯಕ್ಷರು 2019ರಿಂದ 2021ರ ನಡುವೆ ಕೇಂದ್ರ ಬ್ಯಾಂಕಿನ ಮುಖ್ಯಸ್ಥರನ್ನು ಒಬ್ಬರಾದ ಮೇಲೆ ಒಬ್ಬರಂತೆ ಬದಲಿಸಿದರು. 2022ರಲ್ಲಿ ಬೆಲೆ ಏರಿಕೆ ಶೇ 80 ದಾಟಿತು.

ಟ್ರಂಪ್ 2025ರ ಉದ್ದಕ್ಕೂ ಬಡ್ಡಿ ಇಳಿಸಿ ಎಂದು ಫೆಡ್ ಮೇಲೆ ಒತ್ತಡ ಹಾಕುತ್ತಿದ್ದರು. ಮಂಡಳಿಯಲ್ಲಿ ಅವರೇ ನೇಮಿಸಿದ್ದ ಇಬ್ಬರು ಆಗಲೇ ಇದ್ದರು. ಆಗಸ್ಟ್‌ನಲ್ಲಿ ಇನ್ನೊಂದು ಸ್ಥಾನ ಖಾಲಿಯಾಯಿತು, ಅಲ್ಲಿಗೂ ಅವರ ಆಪ್ತರೇ ಬಂದರು. ಕುಕ್ ಅವರ ಸ್ಥಾನವೂ ಖಾಲಿಯಾದರೆ ಟ್ರಂಪ್ ನೇಮಿಸಿದವರು ಏಳರಲ್ಲಿ ನಾಲ್ವರಾಗುತ್ತಾರೆ. ಬಹುಮತ ಅಂದರೆ ಅದೇ.

ಆದರೆ ಫೆಡ್ ಸ್ಥಾಪಿಸಿದ 1913ರ ಕಾನೂನಿನ ಪ್ರಕಾರ ಗವರ್ನರ್ ಒಬ್ಬರನ್ನು ತೆಗೆಯಬೇಕಾದರೆ ಸೂಕ್ತ ಕಾರಣ ಇರಬೇಕು. ಯಾವುದು ಸೂಕ್ತ ಕಾರಣ ಎಂದು ಕಾನೂನು ಬಿಡಿಸಿ ಹೇಳಿಲ್ಲ. ಅಲ್ಲಿಯವರೆಗೆ ಯಾವ ಅಧ್ಯಕ್ಷರೂ ಈ ಅಸ್ತ್ರವನ್ನು ಬಳಸಿರಲಿಲ್ಲ. ಹಾಗಾಗಿ ಕೋರ್ಟುಗಳಿಗೂ ಅದರ ಅರ್ಥವನ್ನು ತೀರ್ಮಾನಿಸುವ ಪ್ರಸಂಗ ಬಂದಿರಲಿಲ್ಲ.

ಟ್ರಂಪ್ ಕೊಟ್ಟ ಕಾರಣ ಇದು: 2021ರಲ್ಲಿ, ಅಂದರೆ ಫೆಡ್ ಸೇರುವ ಮೊದಲು, ಕುಕ್ ಮಿಷಿಗನ್ ಮತ್ತು ಜಾರ್ಜಿಯಾದ ಎರಡು ಮನೆಗಳನ್ನೂ ತಮ್ಮ ಮುಖ್ಯ ವಾಸದ ಮನೆ ಎಂದು ಬರೆದು ಸಾಲ ಪಡೆದರು. ವಾಸದ ಮನೆಯ ಸಾಲಕ್ಕೆ ಬಡ್ಡಿ ಕಡಿಮೆ ಸಿಗುತ್ತದೆ. ಈ ಆರೋಪವನ್ನು ಎತ್ತಿದ್ದು ಟ್ರಂಪ್ ಅವರೇ ನೇಮಿಸಿದ ಗೃಹಸಾಲ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥ ಬಿಲ್ ಪುಲ್ಟೆ. ಕುಕ್ ಆರೋಪವನ್ನು ನಿರಾಕರಿಸಿದ್ದಾರೆ. ಜಾರ್ಜಿಯಾದ ಮನೆಯನ್ನು ರಜಾ ದಿನದ ಮನೆ ಎಂದು ಗುರುತಿಸಿದ ಸಾಲದ ದಾಖಲೆಯೊಂದು ಆಮೇಲೆ ಬೆಳಕಿಗೆ ಬಂತು. ವಜಾ ಆದೇಶ ಹೊರಟ ದಿನ ಅವರ ಮೇಲೆ ಯಾವ ಮೊಕದ್ದಮೆಯೂ ಇರಲಿಲ್ಲ, ಯಾವ ವಿಚಾರಣೆಯೂ ನಡೆದಿರಲಿಲ್ಲ.

ಆ ಕುರ್ಚಿಯಲ್ಲಿ ಕೂತವರು ಯಾರು?

ಫೆಡ್ ಮಂಡಳಿಗೆ ಬಂದ ಮೊದಲ ಕಪ್ಪು ಮಹಿಳೆ ಲೀಸಾ ಕುಕ್. ಸಂಸ್ಥೆ ಹುಟ್ಟಿ 109 ವರ್ಷದ ಮೇಲೆ, 2022ರಲ್ಲಿ ಬಂದರು. ಸೆನೆಟ್‌ನಲ್ಲಿ 50–50 ಸಮಬಲವಾಗಿ, ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ತಮ್ಮ ಮತ ಹಾಕಿ ಗೆಲ್ಲಿಸಬೇಕಾಯಿತು.

ಅವರ ಊರು ಜಾರ್ಜಿಯಾ ರಾಜ್ಯದ ಮಿಲೆಜ್‌ವಿಲ್. ಬಿಳಿಯರಿಗಷ್ಟೇ ಮೀಸಲಾಗಿದ್ದ ಅಲ್ಲಿನ ಶಾಲೆಗೆ ಕಾಲಿಟ್ಟ ಮೊದಲ ಕಪ್ಪು ಮಕ್ಕಳಲ್ಲಿ ಅವರೂ ಒಬ್ಬರು. ಕಪ್ಪು ಮಹಿಳೆಯರಿಗಾಗಿಯೇ ಕಟ್ಟಿದ ಸ್ಪೆಲ್‌ಮನ್ ಕಾಲೇಜು, ಆಮೇಲೆ ಆಕ್ಸ್‌ಫರ್ಡ್, ಆಮೇಲೆ ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ.

ಅವರ ಹೆಸರಾಂತ ಸಂಶೋಧನೆ 1870ರಿಂದ 1940ರವರೆಗೆ ಕಪ್ಪು ಸಂಶೋಧಕರು ಪಡೆದ ಪೇಟೆಂಟ್‌ಗಳ ಬಗ್ಗೆ. ಗುಂಪು ಹತ್ಯೆ, ದಂಗೆ, ಹೊಸ ವರ್ಣಭೇದ ಕಾನೂನುಗಳು ಜಾಸ್ತಿಯಾದ ವರ್ಷಗಳನ್ನೂ ಪೇಟೆಂಟ್‌ಗಳ ಲೆಕ್ಕವನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಹಿಂಸೆ ಏರಿದಾಗಲೆಲ್ಲ ಪೇಟೆಂಟ್ ಇಳಿದಿತ್ತು. ಬರಬೇಕಿದ್ದ ಸಾವಿರಕ್ಕೂ ಹೆಚ್ಚು ಪೇಟೆಂಟ್‌ಗಳು ಬರಲೇ ಇಲ್ಲ ಎಂಬುದು ಅವರ ಅಂದಾಜು. ಏಕೆಂದರೆ ಪೇಟೆಂಟ್ ಅಂದರೆ ಸರ್ಕಾರ ಕೊಡುವ ಭರವಸೆ: ನಿನ್ನ ಕೆಲಸದ ಫಲ ನಿನಗೇ. ಜೀವಕ್ಕೇ ರಕ್ಷಣೆ ಕೊಡದ ಕಾನೂನು ಈ ಭರವಸೆಯನ್ನು ಉಳಿಸುತ್ತದೆ ಎಂದು ಯಾರು ನಂಬುತ್ತಾರೆ? ನಿಯಮದ ಮೇಲಿನ ನಂಬಿಕೆ ಕುಸಿದರೆ ಸಮಾಜ ಎಷ್ಟು ಕಳೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದವರೇ ಈಗ ನಿಯಮದ ರಕ್ಷಣೆ ಕೇಳಿ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ.

ಬಣ್ಣದ ಪ್ರಶ್ನೆಯೋ, ಅಧಿಕಾರದ ಪ್ರಶ್ನೆಯೋ?

ಇದು ಕಪ್ಪು ಮಹಿಳೆಯರ ಮೇಲಿನ ದಾಳಿ ಎನ್ನುವವರು ಒಂದು ಸಾಲು ಹೆಸರು ಮುಂದಿಡುತ್ತಾರೆ. ಕಾರ್ಮಿಕ ಸಂಬಂಧಗಳ ರಾಷ್ಟ್ರೀಯ ಮಂಡಳಿಯಲ್ಲಿದ್ದ ಮೊದಲ ಕಪ್ಪು ಮಹಿಳೆ ಗ್ವಿನ್ ವಿಲ್ಕಾಕ್ಸ್ 2025ರ ಜನವರಿಯಲ್ಲಿ ವಜಾ ಆದರು. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥೆ ಕಾರ್ಲಾ ಹೇಡನ್ ಮೇ ತಿಂಗಳಲ್ಲಿ ಒಂದು ಇಮೇಲ್ ಮೂಲಕ ವಜಾ ಆದರು. ಆ ಹುದ್ದೆಗೇರಿದ ಮೊದಲ ಮಹಿಳೆಯೂ ಮೊದಲ ಕಪ್ಪು ವ್ಯಕ್ತಿಯೂ ಅವರೇ, ಹತ್ತು ವರ್ಷದ ಅವಧಿ ಮುಗಿಯಲು ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇತ್ತು. ಟ್ರಂಪ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಲೆಟೀಷಿಯಾ ಜೇಮ್ಸ್ ಮೇಲೂ ಮನೆ ಸಾಲದ ಆರೋಪವೇ ಬಂತು. ಅಕ್ಟೋಬರ್‌ನಲ್ಲಿ ದೋಷಾರೋಪ ಹೊರಿಸಲಾಯಿತು. ಪ್ರಾಸಿಕ್ಯೂಟರ್ ನೇಮಕವೇ ಕಾನೂನುಬಾಹಿರ ಎಂದು ನವೆಂಬರ್‌ನಲ್ಲಿ ಕೋರ್ಟು ಆ ಪ್ರಕರಣವನ್ನು ರದ್ದು ಮಾಡಿತು. ಡಿಸೆಂಬರ್‌ನಲ್ಲಿ ಮತ್ತೆ ಆರೋಪ ಹೊರಿಸಲು ಹೊರಟಾಗ, ಆರೋಪ ಹೊರಿಸಬಹುದೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿಯಲ್ಲಿದ್ದ ಸಾಮಾನ್ಯ ಜನ ಒಪ್ಪಲಿಲ್ಲ.

ಎದುರು ವಾದಕ್ಕೂ ತೂಕ ಇದೆ. ಸ್ವತಂತ್ರ ಸಂಸ್ಥೆಗಳಿಂದ ವಜಾ ಆದವರಲ್ಲಿ ಬಿಳಿಯ ಗಂಡಸರೂ ಹೆಂಗಸರೂ ಬೇಕಾದಷ್ಟು ಜನ ಇದ್ದಾರೆ. ವ್ಯಾಪಾರ ಆಯೋಗದ ರೆಬೆಕ್ಕಾ ಸ್ಲಾಟರ್, ಉದ್ಯೋಗದ ಅಂಕಿಅಂಶ ಸಂಸ್ಥೆಯ ಎರಿಕಾ ಮೆಕೆಂಟಾರ್ಫರ್ ಬಿಳಿಯರು. ಮನೆ ಸಾಲದ ಆರೋಪ ಹೊತ್ತವರಲ್ಲಿ ಸೆನೆಟರ್ ಆಡಮ್ ಶಿಫ್ ಕೂಡ ಇದ್ದಾರೆ. ಆಡಳಿತಾಂಗ ಪೂರ್ತಿ ಅಧ್ಯಕ್ಷರ ಮಾತಿಗೆ ಬದ್ಧವಾಗಿರಬೇಕು, ಜನ ಆರಿಸಿದ್ದು ಅವರನ್ನೇ ಎಂಬುದು ಸರ್ಕಾರದ ನಿಲುವು. ಅದರ ಪ್ರಕಾರ ಇದರಲ್ಲಿ ಬಣ್ಣದ ಮಾತೇ ಬರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಎರಡೂ ಕಡೆಯವರು ಒಂದೇ ಪ್ರಶ್ನೆಗೆ ಅಂಟಿಕೊಂಡಿದ್ದಾರೆ: ಅಧ್ಯಕ್ಷರ ಮನಸ್ಸಿನಲ್ಲಿ ಏನಿತ್ತು? ಅದನ್ನು ಹೊರಗಿನಿಂದ ಸಾಬೀತು ಮಾಡುವುದು ಕಷ್ಟ. ಅದಕ್ಕಿಂತ ಉಪಯೋಗದ ಪ್ರಶ್ನೆ ಒಂದಿದೆ. ನಿಯಮಗಳು ಸಡಿಲವಾದಾಗ ಮೊದಲು ಬೀಳುವವರು ಯಾರು, ಏಕೆ? ಇದಕ್ಕೆ ಐವತ್ತು ವರ್ಷದ ಹಿಂದೆಯೇ ಒಂದು ಕೋರ್ಟಿನ ತೀರ್ಪು ದಾರಿ ತೋರಿಸಿತ್ತು.

ಸೇಂಟ್ ಲೂಯಿಸ್‌ನ ಐವರು ಮಹಿಳೆಯರು

ಸೇಂಟ್ ಲೂಯಿಸ್ ನಗರದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರು ಜೋಡಿಸುವ ಕಾರ್ಖಾನೆ ಇತ್ತು. 1964ರಲ್ಲಿ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಎಂಬ ಕಾನೂನು ಬರುವ ತನಕ ಅಲ್ಲಿ ಕಪ್ಪು ಮಹಿಳೆಯರಿಗೆ ಕೆಲಸ ಸಿಗುತ್ತಿರಲಿಲ್ಲ ಎಂದೇ ಹೇಳಬೇಕು. ಕಾನೂನು ಬಂದ ಮೇಲೂ ನಿಧಾನವಾಗಿ ಸೇರಿಸಿಕೊಂಡರು. 1970ರ ದಶಕದ ಆರ್ಥಿಕ ಹಿಂಜರಿತ ಬಂದಾಗ ಕಂಪನಿ ಸಿಬ್ಬಂದಿ ಕಡಿತ ಶುರು ಮಾಡಿತು. ಸೀನಿಯಾರಿಟಿ ಲೆಕ್ಕ: ಕೊನೆಗೆ ಸೇರಿದವರು ಮೊದಲು ಹೊರಗೆ. ನೋಡುವುದಕ್ಕೆ ಇದರಷ್ಟು ನ್ಯಾಯವಾದ ನಿಯಮ ಇನ್ನೊಂದಿಲ್ಲ. ಬಣ್ಣ ಕೇಳುವುದಿಲ್ಲ, ಗಂಡು ಹೆಣ್ಣು ಕೇಳುವುದಿಲ್ಲ. ಆದರೆ 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲ ಕೆಲಸ ಕಳೆದುಕೊಂಡರು.

ಐವರು ಮಹಿಳೆಯರು ಕೋರ್ಟಿಗೆ ಹೋದರು. 1976ರಲ್ಲಿ ಕೋರ್ಟು ಅವರ ವಾದವನ್ನು ಒಪ್ಪಲಿಲ್ಲ. ಕಂಪನಿ ಮಹಿಳೆಯರನ್ನು ಮೊದಲಿನಿಂದಲೂ ನೇಮಿಸಿಕೊಂಡಿದೆ, ಹಾಗಾಗಿ ಲಿಂಗ ತಾರತಮ್ಯ ಇಲ್ಲ ಎಂದಿತು. ಆ ಮಹಿಳೆಯರೆಲ್ಲ ಆಫೀಸಿನಲ್ಲಿ ಕೂರುವ ಬಿಳಿಯರು. ಜನಾಂಗ ತಾರತಮ್ಯದ ದೂರನ್ನು ಬೇರೆ ಪ್ರಕರಣದ ಜೊತೆ ಸೇರಿಸಿಕೊಳ್ಳಿ ಎಂದಿತು. ಕಪ್ಪು ಗಂಡಸರು ಯಂತ್ರಗಳ ಮುಂದೆ ಕೆಲಸ ಮಾಡುತ್ತಿದ್ದರು. ಎರಡನ್ನೂ ಕೂಡಿಸಿ ಹೊಸದೊಂದು ವರ್ಗ ಮಾಡಿಕೊಡಲು ಆಗುವುದಿಲ್ಲ ಎಂಬುದು ಕೋರ್ಟಿನ ನಿಲುವು. ಕಪ್ಪು ಜನರ ಸಾಲಿನಲ್ಲಿ ಗಂಡಸರು ಕಂಡರು, ಮಹಿಳೆಯರ ಸಾಲಿನಲ್ಲಿ ಬಿಳಿಯರು ಕಂಡರು. ಈ ಐವರು ಎಲ್ಲಿಯೂ ಕಾಣಲಿಲ್ಲ.

ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ತೀರ್ಪನ್ನು ಎತ್ತಿಕೊಂಡು, ಒಬ್ಬರೇ ವ್ಯಕ್ತಿಯ ಮೇಲೆ ಎರಡು ಬಗೆಯ ತಾರತಮ್ಯ ಒಟ್ಟಿಗೆ ಬಿದ್ದಾಗ ಕಾನೂನಿಗೆ ಅದು ಕಾಣುವುದೇ ಇಲ್ಲ ಎಂದು ಬಿಡಿಸಿ ತೋರಿಸಿದರು. ಇಂಟರ್‌ಸೆಕ್ಷನಾಲಿಟಿ ಎಂಬ ಹೆಸರಿನಲ್ಲಿ ಈಗ ಜಗತ್ತೆಲ್ಲ ಚರ್ಚೆಯಾಗುವ ವಿಚಾರ ಹುಟ್ಟಿದ್ದು ಹೀಗೆ. ಅದರ ಬೇರು ಇರುವುದು ಕಾರ್ಖಾನೆಯ ಕೆಲಸ ಹೋದ ಹೆಂಗಸರಲ್ಲಿ ಅನ್ನುವುದನ್ನು ಮರೆಯಬಾರದು.

ಆ ಕಾರ್ಖಾನೆಯ ಪ್ರಕರಣದಲ್ಲಿ ದ್ವೇಷ ಹುಡುಕಿದರೆ ಸಿಗದೇ ಇರಬಹುದು. ಹಳೆಯ ತಾರತಮ್ಯ ಅವರನ್ನು ತಡವಾಗಿ ಒಳಗೆ ಬಿಟ್ಟಿತು. ತಡವಾಗಿ ಬಂದದ್ದರಿಂದ ಬೇಗ ಹೊರಗೆ ಹೋದರು. ಕೇವಲ ಉದ್ದೇಶದ ಮಾತಾಡಿದರೆ ಈ ಸರಪಳಿ ಕಾಣುವುದಿಲ್ಲ.

ಸರ್ಕಾರಿ ಕೆಲಸದ ನೆರಳು

ಅದೇ ಸರಪಳಿ ಈಗ ದೊಡ್ಡ ಮಟ್ಟದಲ್ಲಿ ನಡೆಯುತ್ತಿದೆ. ಅಮೆರಿಕದ ಒಟ್ಟು ದುಡಿಯುವವರಲ್ಲಿ ಕಪ್ಪು ಮಹಿಳೆಯರು ಶೇ 7ರ ಆಸುಪಾಸು. ಕೇಂದ್ರ ಸರ್ಕಾರದ ನೌಕರರಲ್ಲಿ ಮಾತ್ರ ಸುಮಾರು ಶೇ 12. ಇದಕ್ಕೆ ಕಾರಣ ಇದೆ. ಖಾಸಗಿ ಕಂಪನಿಗಳು ಬಾಗಿಲು ಮುಚ್ಚಿದ್ದಾಗ ಪರೀಕ್ಷೆ, ದರ್ಜೆ, ನಿಗದಿತ ಸಂಬಳ, ಕಾರಣವಿಲ್ಲದೆ ತೆಗೆಯಬಾರದು ಎಂಬ ನಿಯಮ ಇದ್ದ ಜಾಗ ಸರ್ಕಾರ.

ಅದೂ ತಾನಾಗಿ ತೆರೆದ ಬಾಗಿಲಲ್ಲ. ಫೆಡ್ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಕಾಲದಲ್ಲೇ, ಅದೇ 1913ರಲ್ಲಿ, ಖಜಾನೆ ಮತ್ತು ಅಂಚೆ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸುವ ಪದ್ಧತಿ ಬಂತು. ಮರು ವರ್ಷದಿಂದ ಅರ್ಜಿಯ ಜೊತೆ ಫೋಟೋ ಕೇಳತೊಡಗಿದರು. ಫೋಟೋ ಏಕೆ ಅಂತ ಹೇಳಬೇಕಿಲ್ಲ ಅಲ್ವಾ? ಆಮೇಲೆ ದೊಡ್ಡ ಚಳವಳಿಯ ಬೆದರಿಕೆ ಎದುರಾದಾಗ 1941ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧ ಸಾಮಗ್ರಿ ಉದ್ಯಮ ಮತ್ತು ಸರ್ಕಾರದ ನೇಮಕಾತಿಯಲ್ಲಿ ತಾರತಮ್ಯವನ್ನು ನಿಷೇಧಿಸಿದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಸರ್ಕಾರಿ ಗುತ್ತಿಗೆದಾರರಿಗೂ ಕಟ್ಟುನಿಟ್ಟಿನ ಆದೇಶ ಹೊರಡಿಸಿದರು. ಶಿಕ್ಷಕಿ, ನರ್ಸ್, ಗುಮಾಸ್ತೆ, ಅಧಿಕಾರಿ ಎಂದು ಒಂದು ಮಧ್ಯಮ ವರ್ಗ ಹೀಗೆ ಕಟ್ಟಿಕೊಂಡಿತು. ಮಕ್ಕಳ ಕಾಲೇಜು ಫೀಸು, ಮನೆಯ ಕಂತು, ಚರ್ಚಿನ ಕೆಲಸ, ಚುನಾವಣೆಯ ಓಡಾಟ ಎಲ್ಲ ಈ ಸಂಬಳದ ಮೇಲೆ ನಿಂತವು.

2025ರ ಜನವರಿಯಲ್ಲಿ ಜಾನ್ಸನ್ ಅವರ ಆ ಆದೇಶ ರದ್ದಾಯಿತು. ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆ ತನ್ನ ಸಿಬ್ಬಂದಿಯನ್ನು ಅರ್ಧದಷ್ಟಕ್ಕೆ ಇಳಿಸುವುದಾಗಿ ಹೇಳಿತು. ಬೇರೆ ಇಲಾಖೆಗಳಲ್ಲೂ ಕಡಿತ ನಡೆಯಿತು. ಕಪ್ಪು ಮಹಿಳೆಯರ ನಿರುದ್ಯೋಗ 2025ರ ಜನವರಿಯಲ್ಲಿ ಶೇ 5.4 ಇದ್ದದ್ದು ಆಗಸ್ಟ್ ಹೊತ್ತಿಗೆ ಶೇ 6.7ಕ್ಕೆ ಏರಿತು. ಬಿಳಿಯ ಮಹಿಳೆಯರಲ್ಲಿ ಅದು ಸುಮಾರು ಅರ್ಧದಷ್ಟೇ ಇತ್ತು. ಈ ಏರಿಕೆಗೆ ಸರ್ಕಾರಿ ಕಡಿತ ಒಂದೇ ಕಾರಣ ಅಲ್ಲ, ಇಡೀ ಮಾರುಕಟ್ಟೆಯೇ ತಣ್ಣಗಾಗುತ್ತಿತ್ತು. ಆದರೂ ಯಾರಿಗೆ ಮೊದಲು ತಟ್ಟಿತು ಎಂಬುದು ಅಂಕಿಯಲ್ಲೇ ಇದೆ.

ಇದು ನಮ್ಮಲ್ಲಿಯ ಮೀಸಲಾತಿ ಅಲ್ಲ

ಇಲ್ಲಿ ಕನ್ನಡ ಓದುಗರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಡಿಇಐ ಎಂದು ಕರೆಯುವ ವೈವಿಧ್ಯ ಕಾರ್ಯಕ್ರಮಗಳನ್ನು ಅಮೆರಿಕದ ಮೀಸಲಾತಿ ಎಂದು ಹಲವರು ಅಂದುಕೊಳ್ಳುತ್ತಾರೆ. ಅಲ್ಲಿ ಕಾಲೇಜಿನಲ್ಲಾಗಲಿ, ಸರ್ಕಾರಿ ಕೆಲಸದಲ್ಲಾಗಲಿ ಇಂತಿಷ್ಟು ಸೀಟು ಎಂದು ಜನಾಂಗದ ಲೆಕ್ಕದಲ್ಲಿ ಎತ್ತಿಡುವಂತಿಲ್ಲ. ಕಾಲೇಜು ಸೀಟಿನ ಕೋಟಾ ತಪ್ಪು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿತು. ಪ್ರವೇಶದಲ್ಲಿ ಜನಾಂಗವನ್ನು ಒಂದು ಅಂಶವಾಗಿ ನೋಡುವ ಅವಕಾಶ ಮಾತ್ರ ಉಳಿದಿತ್ತು. 2023ರಲ್ಲಿ ಅದೂ ಹೋಯಿತು. ಡಿಇಐ ಅಂದರೆ ಹೆಚ್ಚಾಗಿ ನೇಮಕಾತಿಯ ಜಾಹೀರಾತು ಎಲ್ಲೆಲ್ಲಿ ತಲುಪಬೇಕು, ಯಾರಿಗೆ ತರಬೇತಿ, ಯಾರಿಗೆ ಮಾರ್ಗದರ್ಶನ ಎಂಬ ಮಟ್ಟದ ಕೆಲಸ.

ಅಂಥ ಸಣ್ಣ ಪ್ರಯತ್ನವೂ ಹೇಗೆ ನಿಂತಿತು ಎಂಬುದಕ್ಕೆ ಅಟ್ಲಾಂಟದ ಫಿಯರ್‌ಲೆಸ್ ಫಂಡ್ ಒಂದು ಉದಾಹರಣೆ. ಅಮೆರಿಕದ ಹೂಡಿಕೆ ಸಂಸ್ಥೆಗಳು ಹೊಸ ಉದ್ಯಮಗಳಿಗೆ ಹಾಕುವ ಹಣದಲ್ಲಿ ಕಪ್ಪು ಮಹಿಳೆಯರಿಗೆ ಸಿಗುವುದು ಶೇ 1ಕ್ಕಿಂತಲೂ ಕಡಿಮೆ. ಈ ಕೊರತೆ ತುಂಬಲು ಕಪ್ಪು ಮಹಿಳೆಯರೇ ಕಟ್ಟಿದ ಸಂಸ್ಥೆ ಇದು. ಕಪ್ಪು ಮಹಿಳಾ ಉದ್ಯಮಿಗಳಿಗೆ 20,000 ಡಾಲರ್ ನೆರವಿನ ಸ್ಪರ್ಧೆ ನಡೆಸುತ್ತಿತ್ತು. ಇದು ಬೇರೆಯವರಿಗೆ ತಾರತಮ್ಯ ಎಂದು 2023ರಲ್ಲಿ ಮೊಕದ್ದಮೆ ಬಿತ್ತು. ಬಳಸಿದ್ದು 1866ರ ನಾಗರಿಕ ಹಕ್ಕು ಕಾನೂನು. ಗುಲಾಮಗಿರಿಯಿಂದ ಬಿಡುಗಡೆಯಾದ ಜನರಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಸಿಗಲಿ ಎಂದು ಬಂದ ಕಾನೂನು ಅದು! 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟು ಸ್ಪರ್ಧೆಯನ್ನು ತಡೆಯಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಅದು ಮುಚ್ಚಿತು. ಕಾನೂನು ಎಲ್ಲ ಬಣ್ಣಕ್ಕೂ ಒಂದೇ ಎಂಬ ತತ್ವ ತಪ್ಪಲ್ಲ. ಆದರೆ ಶೇ 1 ಕೂಡ ಸಿಗದವರ ಕೈಯಿಂದ ಆ ನೆರವನ್ನು ಕಸಿದುಕೊಂಡಾಗ ಉಳಿದ ಶೇ 99ರ ಬಗ್ಗೆ ಯಾರೂ ಕೇಳಲಿಲ್ಲ ಎಂಬುದು ಬೇಸರದ ವಿಷಯ.

ಮತ ತರುವವರು, ಮೈಕ್ ಸಿಗದವರು

ಹಾಗಾದರೆ ಕಪ್ಪು ಮಹಿಳೆಯರಿಗೆ ಪ್ರಭಾವವೇ ಇಲ್ಲವೇ? ಖಂಡಿತ ಇದೆ. ಅಮೆರಿಕದ ಪ್ರಜಾಪ್ರಭುತ್ವದ ದೊಡ್ಡ ತಿರುವುಗಳಲ್ಲೆಲ್ಲ ಅವರು ಇದ್ದಾರೆ. ಅವರ ಕೆಲಸಕ್ಕೂ ಅವರಿಗೆ ಸಿಕ್ಕ ಸ್ಥಾನಕ್ಕೂ ನಡುವೆ ಯಾವಾಗಲೂ ದೊಡ್ಡ ಅಂತರ ಇದ್ದೇ ಇದೆ.

1955ರ ಡಿಸೆಂಬರ್ 1ರಂದು ಮಾಂಟ್‌ಗಮರಿ ನಗರದ ಬಸ್ಸಿನಲ್ಲಿ ಸೀಟು ಬಿಡದ ರೋಸಾ ಪಾರ್ಕ್ಸ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಮತ್ತು ಜೊತೆಗಾರರು ನಿದ್ದೆ ಬಿಟ್ಟು ಸುಮಾರು 35,000 ಕರಪತ್ರ ಅಚ್ಚು ಹಾಕಿ ಊರೆಲ್ಲ ಹಂಚಿದ್ದು ಹೆಚ್ಚು ಜನರಿಗೆ ಗೊತ್ತಿಲ್ಲ. ಬಸ್ ಬಹಿಷ್ಕಾರ 381 ದಿನ ನಡೆಯಿತು. ಅಷ್ಟು ದಿನ ನಡೆದೇ ಕೆಲಸಕ್ಕೆ ಹೋದವರಲ್ಲಿ ಬಿಳಿಯರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಕ್ಕಳ ಆರೈಕೆ ಮಾಡುತ್ತಿದ್ದ ಹೆಂಗಸರೇ ಜಾಸ್ತಿ. ಬಸ್ಸಿನ ವರ್ಣಭೇದವನ್ನು ಕಾನೂನಿನಲ್ಲಿ ಮುರಿದ ಪ್ರಕರಣದಲ್ಲಿ ಸಾಕ್ಷಿ ಹೇಳಿದ ನಾಲ್ವರು ದೂರುದಾರರೂ ಮಹಿಳೆಯರೇ. ಅವರಲ್ಲೊಬ್ಬಳಾದ ಕ್ಲಾಡೆಟ್ ಕಾಲ್ವಿನ್ ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಇದೇ ಕಾರಣಕ್ಕೆ ಬಂಧನಕ್ಕೆ ಒಳಗಾಗಿದ್ದಳು. ಚಳವಳಿಯ ವೇದಿಕೆಯಲ್ಲಿ ಮಾತಾಡಿದವರು ಮಾತ್ರ ಹೆಚ್ಚಾಗಿ ಪಾದ್ರಿಗಳು, ಗಂಡಸರು.

ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. 18 ವರ್ಷ ದುಡಿದ ತೋಟದಿಂದ ಆ ದಿನವೇ ಹೊರಗೆ ಹಾಕಿದರು. ಮರು ವರ್ಷ ಪೊಲೀಸ್ ಠಾಣೆಯಲ್ಲಿ ಬಿದ್ದ ಹೊಡೆತದ ನೋವು ಜೀವನವಿಡೀ ಉಳಿಯಿತು. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅವರು ಇದನ್ನೆಲ್ಲ ಹೇಳುವಾಗ ಟಿವಿ ಕ್ಯಾಮೆರಾಗಳನ್ನು ಬೇರೆ ಕಡೆ ತಿರುಗಿಸಲು ಅಧ್ಯಕ್ಷ ಜಾನ್ಸನ್ ದಿಢೀರ್ ಪತ್ರಿಕಾಗೋಷ್ಠಿ ಕರೆದರು. ಆದರೂ ಸಂಜೆಯ ಸುದ್ದಿಯಲ್ಲಿ ಆ ಮಾತುಗಳು ದೇಶಕ್ಕೆಲ್ಲ ಕೇಳಿಸಿದವು. ಮರು ವರ್ಷ ಮತದಾನದ ಹಕ್ಕಿನ ಕಾನೂನು ಬಂತು.

ಈ ಕಾಲಕ್ಕೆ ಬಂದರೆ, 2018ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಕಪ್ಪು ಮಹಿಳೆ ಸ್ಟೇಸಿ ಏಬ್ರಮ್ಸ್ ಸುಮಾರು 55,000 ಮತಗಳಿಂದ ಸೋತರು. ಮನೆ ಮನೆಗೆ ಹೋಗಿ ಮತದಾರರನ್ನು ಸೇರಿಸುವ ಕೆಲಸ ನಿಲ್ಲಲಿಲ್ಲ. 2020ರಲ್ಲಿ ಜೋ ಬೈಡನ್ ಅದೇ ರಾಜ್ಯವನ್ನು 11,779 ಮತಗಳಿಂದ ಗೆದ್ದರು. 2021ರ ಜನವರಿಯಲ್ಲಿ ಅಲ್ಲಿನ ಎರಡು ಸೆನೆಟ್ ಸ್ಥಾನ ಸಿಕ್ಕಿ ಅವರ ಪಕ್ಷಕ್ಕೆ ಸೆನೆಟ್ ಕೈಗೆ ಬಂತು. ಆ ಸೆನೆಟ್ ಇಲ್ಲದಿದ್ದರೆ ಲೀಸಾ ಕುಕ್ ಅವರ ನೇಮಕವೇ ಆಗುತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರ ನೇಮಕವೂ ಬಹುಶಃ ಆಗುತ್ತಿರಲಿಲ್ಲ. ಏಬ್ರಮ್ಸ್ ಮಾತ್ರ 2022ರಲ್ಲಿ ಮತ್ತೆ ಸೋತರು.

2024ರ ಜುಲೈ 21ರಂದು ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದ ರಾತ್ರಿಯೇ 44,000ಕ್ಕೂ ಹೆಚ್ಚು ಕಪ್ಪು ಮಹಿಳೆಯರು ಒಂದೇ ಜೂಮ್ ಸಭೆಯಲ್ಲಿ ಸೇರಿದರು. ಮೂರು ಗಂಟೆಯಲ್ಲಿ 15 ಲಕ್ಷ ಡಾಲರ್ ಕೂಡಿಸಿದರು. ನಮ್ಮಲ್ಲಿ ಆಗ ಕಮಲಾ ಹ್ಯಾರಿಸ್ ತಾಯಿಯ ತಮಿಳುನಾಡಿನ ಊರಿನ ಸುದ್ದಿಯೇ ಜಾಸ್ತಿ ಬಂತು. ಅವರ ರಾಜಕೀಯ ಬಲ ಬಂದದ್ದು ಕಪ್ಪು ಜನರ ಹಾವರ್ಡ್ ವಿಶ್ವವಿದ್ಯಾಲಯದಿಂದ, 1908ರಲ್ಲಿ ಅಲ್ಲಿಯೇ ಹುಟ್ಟಿದ ಮಹಿಳಾ ಸಂಘದಿಂದ, ಚರ್ಚುಗಳಿಂದ. ಚುನಾವಣೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಪ್ಪು ಮಹಿಳೆಯರು ಅವರಿಗೆ ಮತ ಹಾಕಿದರು. ಬಿಳಿಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಟ್ರಂಪ್ ಕಡೆ ಹೋದರು.

ಹಾಗೆಂದು ಎಲ್ಲ ಕಪ್ಪು ಮಹಿಳೆಯರದೂ ಒಂದೇ ರಾಜಕೀಯ ಎಂದುಕೊಳ್ಳಬಾರದು. 2025ರ ನವೆಂಬರ್‌ನಲ್ಲಿ ವರ್ಜೀನಿಯಾದಲ್ಲಿ ಗವರ್ನರ್ ಸ್ಥಾನಕ್ಕೆ ನಿಂತ ವಿನ್ಸಮ್ ಅರ್ಲ್ ಸಿಯರ್ಸ್ ಜಮೈಕಾದಲ್ಲಿ ಹುಟ್ಟಿದ ಕಪ್ಪು ಮಹಿಳೆ, ರಿಪಬ್ಲಿಕನ್. ಡಿಇಐ ಕಾರ್ಯಕ್ರಮಗಳನ್ನು ಅವರೇ ವಿರೋಧಿಸುತ್ತಾರೆ. ಅವರೂ ಸೋತರು.

ನೇಮಕದ ಕುರ್ಚಿ, ಗೆದ್ದ ಕುರ್ಚಿ

ಪ್ರಕರಣದ ತಿರುಳು ನನಗೆ ಕಾಣುವುದು ಇಲ್ಲಿ. ಅಮೆರಿಕದ ರಾಜ್ಯದ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ. 2025 ಮುಗಿಯುವ ತನಕ 50 ರಾಜ್ಯಗಳಲ್ಲಿ ಒಂದರಲ್ಲೂ ಕಪ್ಪು ಮಹಿಳೆ ಆ ಸ್ಥಾನಕ್ಕೆ ಗೆದ್ದು ಬಂದಿರಲಿಲ್ಲ. 100 ಜನರ ಸೆನೆಟ್‌ನಲ್ಲಿ ಇಬ್ಬರು ಕಪ್ಪು ಮಹಿಳೆಯರು ಒಟ್ಟಿಗೆ ಕೂತದ್ದು 2025ರಲ್ಲಿ ಮೊದಲ ಸಲ: ಮೇರಿಲ್ಯಾಂಡ್‌ನ ಆಂಜೆಲಾ ಆಲ್ಸೊಬ್ರೂಕ್ಸ್, ಡೆಲವೇರ್‌ನ ಲೀಸಾ ಬ್ಲಂಟ್ ರೋಚೆಸ್ಟರ್. ಮತ ಹಾಕಿಸುವುದರಲ್ಲಿ ಮುಂದೆ, ಗೆದ್ದ ದೊಡ್ಡ ಸ್ಥಾನಗಳಲ್ಲಿ ಹಿಂದೆ. ದೇಶದ ಮಟ್ಟದಲ್ಲಿ ಅವರಿಗೆ ಸಿಕ್ಕ ಎತ್ತರದ ಸ್ಥಾನಗಳಲ್ಲಿ ಹೆಚ್ಚಿನವು ನೇಮಕದ ಸ್ಥಾನಗಳು: ಮಂಡಳಿ, ಆಯೋಗ, ಕೋರ್ಟು, ಲೈಬ್ರರಿ.

ಗೆದ್ದವರನ್ನು ತೆಗೆಯಬೇಕಾದರೆ ಜನರ ಹತ್ತಿರ ಹೋಗಬೇಕು. ನೇಮಕವಾದವರನ್ನು ಕಾಪಾಡುವುದು ಕಾಗದದ ಮೇಲಿನ ನಿಯಮ ಮಾತ್ರ. ಆ ನಿಯಮಕ್ಕೆ ಏಟು ಬಿದ್ದರೆ ಅಲ್ಲಿ ಕೂತ ಎಲ್ಲರೂ ಅಲುಗಾಡುತ್ತಾರೆ. ಬೇರೆ ಕಡೆ ಕುರ್ಚಿ ಇರುವವರಿಗೆ ಅದು ಒಂದು ನಷ್ಟ. ಇಲ್ಲಿ ಮಾತ್ರ ಕುರ್ಚಿ ಸಿಕ್ಕವರಿಗೆ ಅದು ಇದ್ದದ್ದರಲ್ಲೇ ದೊಡ್ಡ ಪಾಲಿನ ನಷ್ಟ. ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಆದದ್ದೂ ಇದೇ.

ನಮಗೂ ಇದಕ್ಕೂ ಏನು ಸಂಬಂಧ?

ಫೆಡ್ ಬಡ್ಡಿ ಏರಿಸಿದರೆ ವಿದೇಶಿ ಹಣ ನಮ್ಮ ಮಾರುಕಟ್ಟೆ ಬಿಟ್ಟು ಅಲ್ಲಿಗೆ ಓಡುತ್ತದೆ, ರೂಪಾಯಿ ಇಳಿಯುತ್ತದೆ, ಆಮದು ಮಾಡುವ ಎಣ್ಣೆ ದುಬಾರಿಯಾಗುತ್ತದೆ. ರಾಜಕೀಯ ಒತ್ತಡಕ್ಕೆ ಮಣಿದು ಬಡ್ಡಿ ಇಳಿಸಿದರೂ ತೊಂದರೆ ತಪ್ಪದು, ಡಾಲರ್ ಮೇಲಿನ ನಂಬಿಕೆ ಹೋದರೆ ಎಲ್ಲರ ಲೆಕ್ಕವೂ ಏರುಪೇರಾಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ನಂಟಿದೆ. 1965ಕ್ಕೆ ಮುಂಚೆ ಭಾರತದಿಂದ ಅಲ್ಲಿಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಜನ ಮಾತ್ರ ವಲಸೆ ಹೋಗಬಹುದಿತ್ತು. ಹುಟ್ಟಿದ ದೇಶ ನೋಡಿ ತಡೆಯುವ ಆ ಪದ್ಧತಿಯನ್ನು ತೆಗೆದ ಕಾನೂನು ಬಂದದ್ದು ಮತದಾನದ ಹಕ್ಕಿನ ಕಾನೂನು ಬಂದ ವರ್ಷವೇ. ನಾಗರಿಕ ಹಕ್ಕು ಚಳವಳಿ ತಂದ ಬದಲಾವಣೆಯ ಗಾಳಿಯಲ್ಲೇ ಅದೂ ಪಾಸಾಯಿತು. ಹೇಮರ್ ಅವರಂಥವರು ಏಟು ತಿಂದು ಸರಿಸಿದ ಬಾಗಿಲಿನಿಂದಲೇ ಡಾಕ್ಟರುಗಳು, ಎಂಜಿನಿಯರುಗಳು ಒಳಗೆ ಹೋದರು. ಡಿಇಐ ಚರ್ಚೆಯಲ್ಲಿ ನಮ್ಮವರು ಅರ್ಹತೆಯ ಮಾತಾಡುವಾಗ ಈ ಸಾಲವನ್ನು ನೆನಪಿಟ್ಟುಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮುಂದೆ ಏನಾಗಬಹುದು?

ಜನವರಿಯ ವಿಚಾರಣೆಯಲ್ಲಿ ಟ್ರಂಪ್ ಅವರೇ ನೇಮಿಸಿದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಕೂಡ ಸರ್ಕಾರದ ವಾದವನ್ನು ಒಪ್ಪಿದರೆ ಫೆಡ್‌ನ ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳುತ್ತದೆ ಎಂಬ ಆತಂಕ ತೋರಿಸಿದರು. ಇದೇ ಕೋರ್ಟು 2025ರ ಮೇಯಲ್ಲಿ ವಿಲ್ಕಾಕ್ಸ್ ಅವರನ್ನು ತಾತ್ಕಾಲಿಕವಾಗಿ ಹೊರಗಿಡಲು ಒಪ್ಪಿಗೆ ಕೊಟ್ಟಾಗ, ಫೆಡ್ ಮಾತ್ರ ಬೇರೆ ಎಂದು ಸೂಚಿಸಿತ್ತು. ಈ ವ್ಯತ್ಯಾಸವನ್ನು ಗಮನಿಸಬೇಕು. ಕುಕ್ ಗೆದ್ದರೂ ಅದು ಫೆಡ್‌ನ ಗೆಲುವು. ಕಾರ್ಮಿಕ ಮಂಡಳಿ, ವ್ಯಾಪಾರ ಆಯೋಗದಂಥ ಸಂಸ್ಥೆಗಳಲ್ಲಿ ಇರುವವರಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಹೂಡಿಕೆದಾರರಿಗೆ ಮುಖ್ಯವಾದ ಸಂಸ್ಥೆಗೆ ಬೇಲಿ ಇದ್ದು, ಕಾರ್ಮಿಕರಿಗೆ ಮುಖ್ಯವಾದ ಸಂಸ್ಥೆಗೆ ಇಲ್ಲವಾಗುತ್ತದೆ. ಕುಕ್ ಸೋತರೆ ಅಧ್ಯಕ್ಷರ ಕೈಗೆ ಹೊಸ ದಾರಿ ಸಿಗುತ್ತದೆ: ಬೇಡವಾದವರ ಹಳೆಯ ಕಾಗದಪತ್ರ ಹುಡುಕಿಸು, ಆರೋಪ ಹೊರಿಸು, ಅದನ್ನೇ ಸೂಕ್ತ ಕಾರಣ ಎನ್ನು. ಮುಂದೆ ಬರುವ ಯಾವ ಪಕ್ಷದ ಅಧ್ಯಕ್ಷರೂ ಆ ದಾರಿ ಹಿಡಿಯಬಹುದು.

ನೇಮಕದ ದಾರಿ ಕಿರಿದಾದಷ್ಟೂ ಚುನಾವಣೆಯ ದಾರಿಯ ಮೇಲೆ ಭಾರ ಬೀಳುತ್ತದೆ. ಅಟ್ಲಾಂಟದ ಮಾಜಿ ಮೇಯರ್ ಕೀಶಾ ಲ್ಯಾನ್ಸ್ ಬಾಟಮ್ಸ್ 2025ರ ಮೇಯಲ್ಲಿ, 2026ರ ಜಾರ್ಜಿಯಾ ಗವರ್ನರ್ ಚುನಾವಣೆಗೆ ಸ್ಪರ್ಧಿಸುವುದಾಗಿ ಘೋಷಿಸಿದರು. ಇಂಥ ಅಭ್ಯರ್ಥಿಗಳಿಗೆ ಕಪ್ಪು ಮಹಿಳೆಯರ ಮತ ಹೇಗೂ ಇರುತ್ತದೆ. ಅಡ್ಡಿ ಇರುವುದು ಅದಕ್ಕಿಂತ ಮೊದಲು: ಪಕ್ಷದ ದೊಡ್ಡ ದಾನಿಗಳು ಯಾವಾಗ ಚೆಕ್ ಬರೆಯುತ್ತಾರೆ, ಕಪ್ಪು ಮಹಿಳೆ ಗೆಲ್ಲುವುದು ಕಷ್ಟ ಎಂಬ ಮಾತನ್ನು ಪಕ್ಷದ ಒಳಗಿನವರೇ ಎಷ್ಟು ಬೇಗ ಶುರು ಮಾಡುತ್ತಾರೆ. ಗೆಲ್ಲುವುದಿಲ್ಲ ಎಂದು ಹಣ ಕೊಡುವುದಿಲ್ಲ. ಹಣ ಇಲ್ಲದೆ ಸೋತಾಗ, ನೋಡಿ ಹೇಳಿದ್ದೆವಲ್ಲ ಅನ್ನುತ್ತಾರೆ. ಈ ಸುತ್ತನ್ನು ಮುರಿಯುವ ಶಕ್ತಿ ಕೋರ್ಟಿಗಿಲ್ಲ, ಈ ಮಹಿಳೆಯರ ಮತವನ್ನು ನಂಬಿ ನಿಂತಿರುವ ಪಕ್ಷಕ್ಕಿದೆ.